ಮೊದಲು ಕಿವಿ ನೋಡಿ, ಆಮೇಲೆ ಹೆಸರಿಡಿ

ನಮ್ಮ ಪ್ರೆಸ್ಸಿಗೆ ಮಕ್ಕಳ ಚಾರ್ಟೊಂದು ಅಚ್ಚಿಗೆ ಬಂತು. ಚಿತ್ರ ಕಡಲಸಿಂಹದ್ದು, ಕೆಳಗೆ ‘ಸೀಲ್ – ನೀರುನಾಯಿ’! ಒಂದೇ ಸಾಲಿನಲ್ಲಿ ಎರಡು ತಪ್ಪು. ನೀರುನಾಯಿ ನಮ್ಮ ಹೊಳೆಗಳದು ಸ್ವಾಮಿ. ತುಂಗಭದ್ರೆಯಲ್ಲಿ 2015ರಲ್ಲಿ ಅದಕ್ಕೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಗಿದೆ.

ಸೀಲ್, ಕಡಲಸಿಂಹ ಎರಡೂ ನಮ್ಮ ಕರಾವಳಿಯವಲ್ಲ. ಮಗುವಿಗೆ ಚಿತ್ರವೇ ಗತಿ. ಕನ್ನಡದಲ್ಲಿ ನೆಟ್ಟಗೆ ಹೇಳಲು ಏನು ಧಾಡಿ? ಹೊರಗೆ ಪುಟ್ಟ ಕಿವಿ ಕಂಡರೆ ಕಡಲಸಿಂಹ, ಬರೀ ತೂತಿದ್ದರೆ ಸೀಲ್. ಕಡಲಸಿಂಹ ಹಿಂಗಾಲನ್ನು ಹೊಟ್ಟೆಯಡಿಗೆ ತಂದು ನೆಲದ ಮೇಲೆ ನಡೆಯುತ್ತದೆ. ಸೀಲಿಗೆ ಅದಾಗದು, ಹೊಟ್ಟೆಯ ಮೇಲೆ ತೆವಳುತ್ತದೆ. ಈಜುವಾಗ ಅದಕ್ಕೆ ಮುಂಗಾಲಿನ ಬಲ, ಇದಕ್ಕೆ ಹಿಂಗಾಲಿನದು. ಮೇಷ್ಟ್ರೇ, ಮಕ್ಕಳನ್ನೇ ನಡೆಸಿ, ತೆವಳಿಸಿ ಆಡಿಸಿ. (ಮೂಗಿನ ಮೇಲೆ ಚೆಂಡು ಕುಣಿಸುವ ಸರ್ಕಸ್ ‘ಸೀಲ್’ ಕೂಡ ಸಾಮಾನ್ಯವಾಗಿ ಕಡಲಸಿಂಹವೇ!)

ಚಾರ್ಟ್ ಮಾಡಿಸುವವರೇ, ಹೆಸರು ತಿದ್ದಿ ಕಳಿಸಿ. ಅದಕ್ಕೆ ನಾನು ಹೆಚ್ಚಿಗೆ ಕಾಸು ಕೇಳುವುದಿಲ್ಲ.