ಭಾಷೆ ಕಲಿಯಲು ವಯಸ್ಸು ಮೀರಿತೆ?

ಪ್ರಾಯಕ್ಕೆ ಬಂದವರಿಗೆ ಹೊಸ ಭಾಷೆ ಹತ್ತುವುದಿಲ್ಲವೆಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಎಳೆಯ ಮಗುವಿನ ನಾಲಗೆ ಬೇಕಾದಂತೆ ಹೊರಳುತ್ತದೆ, ಮೀಸೆ ಮೂಡಿದ ಮೇಲೆ ಅದು ಬಿಗಿದುಕೊಳ್ಳುತ್ತದೆ ಎಂದು ತಿಳಿದವರೂ ಹೇಳುವುದುಂಟು. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ. ಪರದೇಶದ ಭಾಷೆಯನ್ನು ಕಲಿಯಬೇಕಾದರೆ ಆ ದೇಶಕ್ಕೆ ಹೋಗಬೇಕು, ಇಲ್ಲವೇ ದೊಡ್ಡ ಪಟ್ಟಣದಲ್ಲಿ ಹಣ ತೆತ್ತು ತರಗತಿಗೆ ಸೇರಬೇಕು ಎಂಬುದು ಅದು. ಈ ನಂಬಿಕೆಗಳಿಂದ ಹೆಚ್ಚು ನಷ್ಟಕ್ಕೆ ಒಳಗಾಗುವವರು ರಾಜಧಾನಿಯ ವಿದ್ಯಾರ್ಥಿಗಳಲ್ಲ. ಪರಭಾಷೆಯ ಅಧ್ಯಾಪಕರ ಮುಖವನ್ನೇ ಕಾಣದ ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳು ಪ್ರಯತ್ನಿಸುವ ಮೊದಲೇ ಕೈಚೆಲ್ಲುತ್ತಾರೆ. ಆದುದರಿಂದ ಈ ನಂಬಿಕೆಗಳನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ. ನಮ್ಮ ಮತದಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ಕಾಲು ಸತ್ಯ. ವಯಸ್ಕನಿಗೆ ಇಲ್ಲದಿರುವುದು ಬುದ್ಧಿಶಕ್ತಿಯಲ್ಲ. ಅವನಿಗೆ ಇಲ್ಲದಿರುವುದು ಒಂದು ದಿನಚರಿ.

ಉದಾಹರಣೆಗಾಗಿ ಸ್ಪ್ಯಾನಿಷ್ ಭಾಷೆಯನ್ನು ತೆಗೆದುಕೊಳ್ಳೋಣ. ಇದು ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಮೆಕ್ಸಿಕೊದಿಂದ ಆರ್ಜೆಂಟೀನದವರೆಗೆ ಕೋಟ್ಯಂತರ ಜನರ ಮಾತೃಭಾಷೆ. ವಿಜ್ಞಾನದ ಅಭ್ಯಾಸಿಗಳಿಗೆ ಇದರ ನೆನಪು ತರಬೇಕಾದ ಹೆಸರೊಂದಿದೆ. ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಾಹಾಲ್ ಎಂಬಾತನು ನರಮಂಡಲವು ಎಡೆಬಿಡದ ಒಂದೇ ಬಲೆಯಲ್ಲ, ಬೇರೆ ಬೇರೆಯಾದ ಜೀವಕೋಶಗಳ ಸಮೂಹ ಎಂಬುದನ್ನು ಸೂಕ್ಷ್ಮದರ್ಶಕದ ಮೂಲಕ ಕಂಡನು. ಆದರೆ ಅವನು ಬರೆದುದು ಸ್ಪ್ಯಾನಿಷ್‌ನಲ್ಲಿ. ಅಂದಿನ ವಿದ್ವತ್‌ಪ್ರಪಂಚ ಓದುತ್ತಿದ್ದುದು ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನು. 1889ರಲ್ಲಿ ಕಾಹಾಲನು ತನ್ನ ಗಾಜಿನ ಪಟ್ಟಿಗಳನ್ನು ಹೊತ್ತುಕೊಂಡು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದಾಗ, ಅವನ್ನು ನೋಡಿ ಬೆರಗಾದವರಲ್ಲಿ ಹಿರಿಯ ವಿಜ್ಞಾನಿ ಕೊಲಿಕರನೂ ಒಬ್ಬ. ಕಾಹಾಲನ ಲೇಖನಗಳನ್ನು ಮೂಲದಲ್ಲಿಯೇ ಓದಬೇಕೆಂದು ಅವನು ಸ್ಪ್ಯಾನಿಷ್ ಕಲಿತನೆಂದು ವಿಜ್ಞಾನದ ಇತಿಹಾಸಕಾರರು ಬರೆದಿದ್ದಾರೆ. ಆಗ ಅವನ ವಯಸ್ಸು ಎಪ್ಪತ್ತನ್ನು ದಾಟಿತ್ತು! ಕಾಹಾಲನಿಗೆ 1906ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅವನು ಮಾಡಿದ ಉಪನ್ಯಾಸದಲ್ಲಿ, ಮಾನಸಿಕ ಅಭ್ಯಾಸದಿಂದ ನರಕೋಶಗಳ ನಡುವಣ ಸಂಬಂಧಗಳು ಬೆಳೆಯುತ್ತವೆ ಎಂಬ ಊಹೆಯನ್ನು ಮುಂದಿಟ್ಟಿದ್ದನು. ಕಲಿಕೆಯಿಂದ ಈ ಸಂಬಂಧಗಳು ಬದಲಾಗುತ್ತವೆಂಬುದೂ, ಪ್ರಾಯ ಬಂದ ಮಾತ್ರಕ್ಕೆ ಆ ಬದಲಾವಣೆ ನಿಲ್ಲದೆಂಬುದೂ ಇಂದು ಸ್ಥಿರಪಟ್ಟಿರುವ ಸಂಗತಿಗಳು.

ಹಾಗಾದರೆ ವಯಸ್ಸಿನ ಪ್ರಭಾವವೇ ಇಲ್ಲವೆ? ಇದೆ. 6 ಲಕ್ಷ 70 ಸಾವಿರದಷ್ಟು ಜನರ ಇಂಗ್ಲಿಷ್ ವ್ಯಾಕರಣ ಜ್ಞಾನವನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ವ್ಯಾಕರಣವನ್ನು ಸಹಜವಾಗಿ ಗ್ರಹಿಸುವ ಶಕ್ತಿ ಹದಿನೇಳು ಹದಿನೆಂಟರ ತನಕ ಕುಗ್ಗದೆ ಇದ್ದು, ಅನಂತರ ಇಳಿಮುಖವಾಗುತ್ತದೆ. ಉಚ್ಚಾರಣೆಯಲ್ಲಿಯೂ ಬಾಲ್ಯದಲ್ಲಿ ಕಲಿತವರದೇ ಮೇಲುಗೈ. ಆದರೆ ಇದರ ಇನ್ನೊಂದು ಮಗ್ಗುಲನ್ನು ಜನ ಮರೆಯುತ್ತಾರೆ. ಹಾಲೆಂಡಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಭಾಷಿಕರು ಡಚ್ ಭಾಷೆಯನ್ನು ಹೇಗೆ ಕಲಿತರೆಂಬುದನ್ನು ಪರಿಶೀಲಿಸಿದ ಸ್ನೋ ಮತ್ತು ಹೂಫ್‌ನಾಗೆಲ್-ಹೋಲೆ ಎಂಬ ವಿದ್ವಾಂಸರು 1978ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಎಲ್ಲರಿಗಿಂತ ಬೇಗ ಕಲಿತವರು ಹನ್ನೆರಡರಿಂದ ಹದಿನೈದು ವರ್ಷದವರು. ಎಲ್ಲರಿಗಿಂತ ನಿಧಾನವಾಗಿ ಕಲಿತವರು ಮೂರರಿಂದ ಐದು ವರ್ಷದ ಕೂಸುಗಳು! ಮಗು ಕೊನೆಗೆ ದೂರ ಹೋಗುತ್ತದೆಂಬುದು ನಿಜ. ಆದರೆ ಅದು ಎಚ್ಚರವಿರುವ ಹೊತ್ತೆಲ್ಲ ಭಾಷೆಯಲ್ಲಿ ಮುಳುಗಿರುತ್ತದೆ. ಅಷ್ಟು ಗಂಟೆಗಳನ್ನು ವಯಸ್ಕನಿಗೆ ಯಾರು ಕೊಟ್ಟಿದ್ದಾರೆ? ಹೀಗಿರುವಲ್ಲಿ, ಇರುವ ಅಲ್ಪ ವೇಳೆಯನ್ನು ಹೇಗೆ ಬಳಸಬೇಕೆಂಬುದೇ ಮುಖ್ಯ ಪ್ರಶ್ನೆ.

ಇಲ್ಲಿ ನಮ್ಮ ಸಹಾಯಕ್ಕೆ ಬರುವುದು ಸ್ಮೃತಿಯ ವಿಜ್ಞಾನ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸನು ತನ್ನನ್ನೇ ಪ್ರಯೋಗವಸ್ತುವನ್ನಾಗಿ ಮಾಡಿಕೊಂಡು, ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಎಷ್ಟು ಕಾಲದಲ್ಲಿ ಎಷ್ಟು ಮರೆಯುತ್ತದೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಮತ್ತೆ ಕಲಿಯುವಾಗ ಉಳಿತಾಯವಾಗುವ ಶ್ರಮವೇ ಅವನ ಅಳತೆಗೋಲು. ಈ ಉಳಿತಾಯವು ಇಪ್ಪತ್ತು ನಿಮಿಷಗಳ ಬಳಿಕ ನೂರಕ್ಕೆ 58ರಷ್ಟಿದ್ದರೆ, ಒಂದು ಗಂಟೆಯ ಬಳಿಕ 44, ಒಂದು ದಿನದ ಬಳಿಕ 34, ಒಂದು ತಿಂಗಳ ಬಳಿಕ 21 ಆಗಿತ್ತು. ಮರೆವು ಮೊದಲು ನಾಗಾಲೋಟದಲ್ಲಿ ಓಡಿ ಆಮೇಲೆ ಕುಂಟುತ್ತ ನಡೆಯುತ್ತದೆಂಬುದು ಇದರಿಂದ ಸ್ಪಷ್ಟ. ಅವನು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಇನ್ನೂ ಮುಖ್ಯವಾದುದು. ಹನ್ನೆರಡು ಉಚ್ಚಾರಗಳ ಸಾಲನ್ನು ಒಂದೇ ಪಟ್ಟಿನಲ್ಲಿ 68 ಸಲ ಓದಿದ್ದರಿಂದ ಮರುದಿನ ದೊರೆತ ಲಾಭವೂ, ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದ್ದರಿಂದ ದೊರೆತ ಲಾಭವೂ ಹೆಚ್ಚುಕಡಮೆ ಒಂದೇ ಆಗಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಉರಿಸಿ ಉರು ಹೊಡೆಯುವ ಪದ್ಧತಿ ಎಷ್ಟು ದುಬಾರಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಅರ್ಥಹೀನ ಉಚ್ಚಾರಗಳ ಮಾತಾಯಿತು, ನಿಜವಾದ ಭಾಷೆಗೆ ಇದು ಸಲ್ಲುತ್ತದೆಯೆ ಎಂದು ಯಾರಾದರೂ ಕೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬ್ಯಾರಿಕ್ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ಅವನೂ ಅವನ ಮನೆಯವರು ಮೂವರೂ ಪರಭಾಷೆಯ ಮುನ್ನೂರು ಶಬ್ದಗಳನ್ನು ಬೇರೆ ಬೇರೆ ಅಂತರಗಳಲ್ಲಿ ಅಭ್ಯಾಸ ಮಾಡಿ, ಐದು ವರ್ಷಗಳವರೆಗೆ ತಮ್ಮ ನೆನಪನ್ನು ಪರೀಕ್ಷಿಸಿಕೊಂಡರು. 56 ದಿನಗಳಿಗೊಮ್ಮೆ ಮಾಡಿದ 13 ಅಭ್ಯಾಸಗಳು, 14 ದಿನಗಳಿಗೊಮ್ಮೆ ಮಾಡಿದ 26 ಅಭ್ಯಾಸಗಳಿಗೆ ಸಮನಾದುವೆಂದು 1993ರಲ್ಲಿ ಪ್ರಕಟವಾದ ಆ ವರದಿ ತಿಳಿಸುತ್ತದೆ. ಇದಕ್ಕೂ ಮೊದಲು, 1984ರಲ್ಲಿ, ಬ್ಯಾರಿಕನು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಜನರನ್ನು ಪರೀಕ್ಷಿಸಿದ್ದನು. ಅವರಲ್ಲಿ ಕೆಲವರು ಕಲಿತು ಐವತ್ತು ವರ್ಷಗಳಾಗಿದ್ದವು. ಮೊದಲ ಮೂರರಿಂದ ಆರು ವರ್ಷಗಳಲ್ಲಿ ಜ್ಞಾನ ಕರಗುತ್ತದೆ. ಆಮೇಲೆ ಉಳಿದುದು ಮೂವತ್ತು ವರ್ಷಗಳವರೆಗೂ ಅಲುಗದೆ ನಿಲ್ಲುತ್ತದೆ ಎಂಬುದು ಅವನ ಶೋಧ. ಚೆನ್ನಾಗಿ ಕಲಿತವನಿಗೆ ಉಳಿಯುವ ಪಾಲು ದೊಡ್ಡದು. ಹದಿನೆಂಟರಲ್ಲಿ ಸರಿಯಾಗಿ ಕೂಡಿಟ್ಟದ್ದು ನಲವತ್ತೈದರಲ್ಲಿಯೂ ಕೈಗೆ ಸಿಗುತ್ತದೆಂದರೆ ಇದಕ್ಕಿಂತ ಭದ್ರವಾದ ಠೇವಣಿ ಯಾವುದು?

ಅಂತರದಷ್ಟೇ ಮುಖ್ಯವಾದುದು ಮರಳಿ ಜ್ಞಾಪಿಸಿಕೊಳ್ಳುವಿಕೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು 2006ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಓದಿದವರೇ ಮುಂದಿದ್ದರು. ಆದರೆ ವಾರದ ಬಳಿಕ, ಓದಿದವರಿಗೆ ನೂರರಲ್ಲಿ 40 ಪಾಲು ನೆನಪಿದ್ದರೆ, ನೆನಪಿನಿಂದ ಬರೆದವರಿಗೆ 61 ಪಾಲು ನೆನಪಿತ್ತು. ಓದುವಾಗ ಸಲೀಸೆನಿಸುವುದು ಕಲಿತದ್ದರ ಗುರುತಲ್ಲ. ನೆನಪಿಗಾಗಿ ತಡಕಾಡುವ ಆ ಕಷ್ಟದಲ್ಲಿಯೇ ಕಲಿಕೆ ನಡೆದಿರುತ್ತದೆ.

ಈ ತತ್ತ್ವಗಳನ್ನು ಮನೆಯಲ್ಲಿ ಆಚರಣೆಗೆ ತರಲು ಹೆಚ್ಚಿನ ಖರ್ಚು ಬೇಡ. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ 1972ರಲ್ಲಿ ಪ್ರಚಾರಕ್ಕೆ ತಂದ ಉಪಾಯವೊಂದಿದೆ. ಐದು ಮನೆಗಳುಳ್ಳ ಒಂದು ರಟ್ಟಿನ ಪೆಟ್ಟಿಗೆ. ಚಿಕ್ಕ ಚಿಕ್ಕ ಚೀಟಿಗಳು. ಚೀಟಿಯ ಒಂದು ಬದಿಯಲ್ಲಿ ಅರ್ಥ, ಇನ್ನೊಂದು ಬದಿಯಲ್ಲಿ ಸ್ಪ್ಯಾನಿಷ್ ಮಾತು. ಹೊಸ ಚೀಟಿ ಮೊದಲ ಮನೆಯಲ್ಲಿ. ಉತ್ತರ ಸರಿಯಾದರೆ ಮುಂದಿನ ಮನೆಗೆ ಬಡ್ತಿ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಮನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಪಕ್ಷಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ನೋಡಿದರಾಯಿತು. ದಿನಕ್ಕೆ ಆರರಂತೆ ವಾರದಲ್ಲಿ ಆರು ದಿನ ಹೊಸ ಶಬ್ದಗಳನ್ನು ಸೇರಿಸಿದರೆ ವರ್ಷಕ್ಕೆ 1800ಕ್ಕೂ ಮಿಕ್ಕು ಶಬ್ದಗಳಾಗುತ್ತವೆ. ಹನಿಗೂಡಿದರೆ ಹಳ್ಳ.

ಚೀಟಿಯ ಮೇಲೆ ಅರ್ಥವನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಕನ್ನಡದಲ್ಲಿಯೇ ಬರೆಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಸಿಕ್ಕುವ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷ್ ಭಾಷಿಕರಿಗಾಗಿ ಬರೆದವು. ಅವರ ಕಷ್ಟಗಳೇ ಅವುಗಳಲ್ಲಿ ದೊಡ್ಡವಾಗಿ ಕಾಣುತ್ತವೆ. ನಮ್ಮ ವಿದ್ಯಾರ್ಥಿ ಅವರ ಕಷ್ಟವನ್ನು ಸಾಲವಾಗಿ ಪಡೆಯಬೇಕಾಗಿಲ್ಲ. ‘ಮೆ ಗುಸ್ತಾ ಎಲ್ ಕಫೆ’ ಎಂಬ ವಾಕ್ಯ ಇಂಗ್ಲಿಷ್ ಮನಸ್ಸಿಗೆ ತಲೆಕೆಳಗಾಗಿ ತೋರುತ್ತದೆ; ನಮಗಾದರೋ ಅದು ‘ನನಗೆ ಕಾಫಿ ಹಿಡಿಸುತ್ತದೆ’ ಎಂಬುದೇ ಆಗಿದೆ. ‘ಮೆ ದುಎಲೆ ಲಾ ಕಬೇಸಾ’ ಎಂದರೆ ‘ನನಗೆ ತಲೆ ನೋಯುತ್ತದೆ’. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’, ‘ಆಬ್ಲಾಸ್’ ಎಂದರೆ ‘ಮಾತನಾಡುತ್ತೀಯೆ’. ಕರ್ತೃವನ್ನು ಬಾಯಿಬಿಟ್ಟು ಹೇಳದಿದ್ದರೂ ಕ್ರಿಯಾಪದದ ಕೊನೆಯೇ ಅದನ್ನು ಸಾರುತ್ತದೆ, ಕನ್ನಡದಲ್ಲಿರುವಂತೆಯೇ. ‘ತು’ ಮತ್ತು ‘ಉಸ್ತೆದ್’ಗಳ ಭೇದ ನೀನು ನೀವುಗಳ ಭೇದವನ್ನು ಹೋಲುತ್ತದೆ. ಅಲ್ಲಿನ ತಕಾರ ದಕಾರಗಳು ನಮ್ಮವುಗಳಂತೆ ಹಲ್ಲಿಗೆ ತಾಗಿ ಹುಟ್ಟುವಂಥವು. ಸ್ವರಗಳು ಐದೇ, ಅವು ಶುದ್ಧ ಸ್ವರಗಳು. ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ. ರಕಾರದ ಈ ಭೇದ, ‘ರ’ ಮತ್ತು ‘ಱ’ಗಳನ್ನು ಬೇರೆಯಾಗಿ ಬರೆಯುತ್ತಿದ್ದ ಹಳಗನ್ನಡವನ್ನು ಬಲ್ಲವನಿಗೆ ವಿಚಿತ್ರವೆನಿಸದು. ಪೋರ್ಚುಗೀಸರಿಂದ ನಮಗೆ ಬಂದ ಪಾದ್ರಿ, ಪಗಾರ, ಚಾವಿ ಎಂಬ ಮಾತುಗಳ ನಂಟರು ಸ್ಪ್ಯಾನಿಷ್‌ನಲ್ಲಿಯೂ ಇದ್ದಾರೆ; ಆ ಎರಡು ಭಾಷೆಗಳೂ ಲ್ಯಾಟಿನ್ನಿನ ಮಕ್ಕಳಷ್ಟೆ.

ಕಷ್ಟಗಳಿಲ್ಲವೆಂದಲ್ಲ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇಲ್ಲಿ ಹಿಂದಿಯನ್ನೋ ಸಂಸ್ಕೃತವನ್ನೋ ಓದಿದ ಅಭ್ಯಾಸ ನೆರವಾದೀತು. ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳೂ ತೊಡಕಿನವೇ. ಆದರೂ ‘ನಾನು ವಿದ್ಯಾರ್ಥಿ’ ಎಂದು ಕ್ರಿಯಾಪದವಿಲ್ಲದೆ ಹೇಳುವಲ್ಲಿ ಸಾಮಾನ್ಯವಾಗಿ ಮೊದಲನೆಯದು, ‘ನಾನು ಮನೆಯಲ್ಲಿದ್ದೇನೆ’, ‘ಹಾಲು ಬಿಸಿಯಾಗಿದೆ’ ಎಂದು ‘ಇರು’ ಧಾತುವನ್ನು ತರುವಲ್ಲಿ ಎರಡನೆಯದು ಎಂದು ಹಿಡಿದರೆ ಆರಂಭಕ್ಕೆ ದಾರಿ ಸಿಗುತ್ತದೆ. ಅಪವಾದಗಳನ್ನು ಮುಂದೆ ಕಲಿಯಬಹುದು.

ಇನ್ನು ದಿನಚರಿ. ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಆದರೆ ಅದು ನಿತ್ಯವೂ ಒಂದೇ ಹೊತ್ತಿನಲ್ಲಿರಬೇಕು. ಬೆಳಗ್ಗೆ ಹತ್ತು ನಿಮಿಷ ಚೀಟಿಗಳ ಪೆಟ್ಟಿಗೆ. ಸಂಜೆ ಹದಿನೈದು ನಿಮಿಷ ಹೊಸ ಪಾಠ. ಹತ್ತು ನಿಮಿಷ ಆ ಪಾಠದ ಧ್ವನಿಯನ್ನು ಕೇಳಿ, ಅದರ ಹಿಂದೆಯೇ ಗಟ್ಟಿಯಾಗಿ ಹೇಳುವುದು. ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿ, ಆ ದಿನ ಕಲಿತದ್ದರಿಂದ ನಾಲ್ಕೈದು ವಾಕ್ಯ ಬರೆಯುವುದು. ಏಳನೆಯ ದಿನ ಹೊಸದೇನೂ ಬೇಡ. ವಾರದ ಬರಹವನ್ನು ಮತ್ತೆ ನೋಡಿ ತಿದ್ದಿಕೊಂಡರೆ ಸಾಕು. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಓದಿ ತೀರಿಸುವ ಹಟ ಸಲ್ಲದು. ಎಂದಿನಷ್ಟೇ ಓದಿ ಮುಂದುವರಿಯತಕ್ಕದ್ದು.

ಗುರುವಿನ ಪ್ರಶ್ನೆ ಉಳಿಯಿತು. ತನ್ನ ಕಿವಿಗೆ ತನ್ನ ತಪ್ಪು ಕೇಳಿಸದೆಂಬುದು ಸ್ವಾಧ್ಯಾಯದ ನಿಜವಾದ ಕೊರತೆ. ಟ್ರಾಯ್ ನಗರದ ಅವಶೇಷಗಳನ್ನು ಅಗೆದ ಹೈನ್ರಿಖ್ ಶ್ಲೀಮನ್ ಯೌವನದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಗುಮಾಸ್ತನಾಗಿದ್ದುಕೊಂಡೇ ಹಲವು ಭಾಷೆಗಳನ್ನು ಕಲಿತವನು. ಗಟ್ಟಿಯಾಗಿ ಓದುವುದು, ದಿನವೂ ಬರೆಯುವುದು, ಬರೆದುದನ್ನು ಬಲ್ಲವರಿಂದ ತಿದ್ದಿಸಿ ಮರುದಿನ ಬಾಯಿಪಾಠವಾಗಿ ಒಪ್ಪಿಸುವುದು ಅವನ ಕ್ರಮ. ಆರು ವಾರಗಳಲ್ಲಿ ಸ್ಪ್ಯಾನಿಷ್ ಬಂದಿತೆಂಬ ಅವನ ಮಾತನ್ನು ನಾವು ಅಷ್ಟಾಗಿ ನಂಬಬೇಕಾಗಿಲ್ಲ, ತನ್ನ ವಿಷಯದಲ್ಲಿ ಹಿಗ್ಗಿಸಿ ಹೇಳುವುದು ಅವನಿಗೆ ರೂಢಿ. ಆದರೆ ತಿದ್ದುವವರನ್ನು ಹುಡುಕಿಕೊಂಡ ಅವನ ವಿವೇಕ ಮೆಚ್ಚತಕ್ಕದ್ದೇ. ಇಂದು ಫೋನಿನ ಮೂಲಕ ವಾರಕ್ಕೊಮ್ಮೆ ಆ ಭಾಷೆ ಬಲ್ಲವರೊಡನೆ ಮಾತನಾಡುವ ಸೌಕರ್ಯವಿದೆ. ಅದನ್ನು ಬಿಟ್ಟು, ಫೋನಿನ ಆಟದಂಥ ಪಾಠಗಳಲ್ಲಿ ಅಂಕ ಕೂಡಿಸುವುದನ್ನೇ ಕಲಿಕೆಯೆಂದು ಭ್ರಮಿಸಬಾರದು. ಸ್ಪೇನ್ ಸರಕಾರದ ಸೆರ್ವಾಂತೆಸ್ ಸಂಸ್ಥೆ ನಡೆಸುವ ‘ದೆಲೆ’ ಪರೀಕ್ಷೆಗಳು ಆರು ಮಟ್ಟಗಳಲ್ಲಿವೆ. ನವದೆಹಲಿಯಲ್ಲಿ ಆ ಸಂಸ್ಥೆಯ ಕೇಂದ್ರವೂ ಇದೆ. ಸ್ವಂತವಾಗಿ ಕಲಿತವನು ತನ್ನನ್ನು ಅಳೆದುಕೊಳ್ಳಲು ಇದು ಒಳ್ಳೆಯ ಮಾನದಂಡ.

ಮೂವತ್ತು ದಿನಗಳಲ್ಲಿ ಭಾಷೆ ಕಲಿಸುವೆವೆಂಬ ಜಾಹೀರಾತುಗಳನ್ನು ನಂಬಿ ಎಷ್ಟೋ ಜನ ಮೂವತ್ತೊಂದನೆಯ ದಿನ ತಮ್ಮನ್ನು ದಡ್ಡರೆಂದು ಹಳಿದುಕೊಳ್ಳುತ್ತಾರೆ. ತನ್ನ ರಾಜತಂತ್ರಜ್ಞರಿಗೆ ಭಾಷೆ ಕಲಿಸುವ ಅಮೆರಿಕದ ಸರಕಾರಿ ಸಂಸ್ಥೆಯೇ ಸ್ಪ್ಯಾನಿಷ್‌ಗೆ 600ರಿಂದ 750 ತರಗತಿ ಗಂಟೆಗಳು ಬೇಕೆಂದು ಲೆಕ್ಕ ಹಾಕಿದೆ. ಅದೂ ಇಂಗ್ಲಿಷ್ ಭಾಷಿಕರಿಗೆ, ನುರಿತ ಅಧ್ಯಾಪಕರ ಎದುರಿನಲ್ಲಿ. ದಿನಕ್ಕೆ ಮುಕ್ಕಾಲು ಗಂಟೆಯಂತೆ ವರ್ಷದಲ್ಲಿ ಮುನ್ನೂರು ದಿನ ಓದಿದರೆ 225 ಗಂಟೆಗಳು. ಮೂರು ವರ್ಷಕ್ಕೆ 675. ಒಂಟಿಯಾಗಿ ಕಲಿಯುವವನಿಗೆ ಇನ್ನೂ ಕೆಲವು ತಿಂಗಳು ಹೆಚ್ಚು ಹಿಡಿದೀತು. ಆದರೂ ಇದು ಹೆಚ್ಚುಕಡಮೆ ಒಂದು ಪದವಿ ತರಗತಿಯ ಅವಧಿಯೇ. ಕಾಲೇಜಿಗೆ ಸೇರಿದ ವಾರ ಪೆಟ್ಟಿಗೆಯನ್ನು ಸಿದ್ಧಪಡಿಸಿಕೊಂಡ ವಿದ್ಯಾರ್ಥಿ, ಊರನ್ನು ಬಿಡದೆ, ಸಾಲ ಮಾಡದೆ, ಪದವಿಯ ಜೊತೆಗೆ ಇಪ್ಪತ್ತು ದೇಶಗಳ ಮಾತನ್ನೂ ಪಡೆದು ಹೊರಬರಬಹುದು. ಆ ಮೂರು ವರ್ಷಗಳು ಓದಿದರೂ ಕಳೆಯುತ್ತವೆ, ಓದದಿದ್ದರೂ ಕಳೆಯುತ್ತವೆ. ಮೊದಲ ಆರು ಚೀಟಿಗಳನ್ನು ಇಂದೇ ಬರೆಯಬಹುದು.