ಬಲಕ್ಕೆ ಬಾಗುವ ಚೆಂಡು

ಗಾಲ್ಫ್ ಆಟದಲ್ಲಿ ಚೆಂಡು ಗೆರೆ ಎಳೆದಂತೆ ನೇರವಾಗಿ ಹೋಗುವುದು ಬಹು ಅಪರೂಪ. ಬಲಗೈ ಆಟಗಾರನ ಚೆಂಡು ತುಸು ಬಲಕ್ಕೆ ಹೊರಟು ಎಡಕ್ಕೆ ಬಾಗಿದರೆ ಅದು ‘ಡ್ರಾ’. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ‘ಫೇಡ್’. ಡ್ರಾ ತಗ್ಗಾಗಿ ಹಾರಿ, ನೆಲ ಮುಟ್ಟಿದ ಮೇಲೂ ಉರುಳಿ, ಹೆಚ್ಚು ದೂರ ಸಾಗುತ್ತದೆ. ಹೀಗಿದ್ದೂ ನುರಿತವರಲ್ಲಿ ಅನೇಕರು ಫೇಡನ್ನೇ ಆರಿಸುವುದೇಕೆ? ತಾನಾಗಿ ಒದಗುವ ನಾಲ್ಕಾರು ಗಜಗಳನ್ನು ಯಾರಾದರೂ ಬೇಡವೆನ್ನುವುದುಂಟೆ?

ಬೇಡವೆಂದವನು ಅಮೆರಿಕದ ಟೆಕ್ಸಾಸಿನ ಬೆನ್ ಹೋಗನ್. 1930ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಗಾಲ್ಫನ್ನೇ ವೃತ್ತಿಯಾಗಿ ಹಿಡಿದ ಈತನು ಒಂಟಿಯಾಗಿ ಮೊದಲ ಪಂದ್ಯವನ್ನು ಗೆದ್ದುದು 1940ರಲ್ಲಿ. ನಡುವಣ ವರ್ಷಗಳಲ್ಲಿ ಆತನನ್ನು ಕಾಡಿದ ಶನಿಯೆಂದರೆ ‘ಹುಕ್’, ಅಂದರೆ ಹದ ತಪ್ಪಿದ ಡ್ರಾ. ಎಡಕ್ಕೆ ತಿರುಗಿ ರಭಸದಿಂದ ಓಡುವ ಆ ಚೆಂಡು ಮರಗಳ ಗುಂಪನ್ನು ಹೊಕ್ಕಲ್ಲದೆ ನಿಲ್ಲದು. ಬಹುಮಾನದ ಹಣದಿಂದಲೇ ಸಂಸಾರ ಸಾಗಬೇಕಾದವನಿಗೆ ಅಂಥ ಒಂದು ಹೊಡೆತವೆಂದರೆ ಒಂದು ವಾರದ ಅನ್ನ.

ಇದೆಲ್ಲ ದಾಂಡಿನ ಮುಖದ ಮಹಿಮೆ. ದಾಂಡು ಬೀಸುವ ದಾರಿಗಿಂತ ಅದರ ಮುಖವು ಎಡಕ್ಕೆ ಮುಚ್ಚಿಕೊಂಡರೆ ಮುಖದ ಓರೆ ಕುಗ್ಗಿ, ಚೆಂಡಿನ ಹಿಮ್ಮುಖ ಸುತ್ತು ಕಡಿಮೆಯಾಗುತ್ತದೆ. ಚೆಂಡು ಓಡುತ್ತಲೇ ಇರುತ್ತದೆ. ಬಲಕ್ಕೆ ತೆರೆದುಕೊಂಡರೆ ಆ ಸುತ್ತು ಹೆಚ್ಚಿ, ಚೆಂಡು ಎತ್ತರಕ್ಕೇರಿ, ಮೆಲ್ಲನಿಳಿದು, ಬೇಗ ನಿಲ್ಲುತ್ತದೆ. ಫೇಡಿನ ಹದ ತಪ್ಪಿದರೂ ಅದು ಬಹುದೂರ ಓಡಿ ಅನರ್ಥ ಮಾಡಲಾರದು.

1946ರ ಸುಮಾರಿಗೆ ಹೋಗನ್ನನು ಎಡಗೈಯ ಹಿಡಿತವನ್ನು ಬದಲಿಸಿ, ದಾಂಡನ್ನೆತ್ತಿದಾಗ ಎಡ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಅಭ್ಯಾಸ ಮಾಡಿದನು. ಆಮೇಲೆ ಎಷ್ಟು ಬಲವಾಗಿ ಬೀಸಿದರೂ ದಾಂಡಿನ ಮುಖ ಮುಚ್ಚಿಕೊಳ್ಳುವ ಭಯವಿರಲಿಲ್ಲ. ಈ ಗುಟ್ಟನ್ನು ಆತನು ಹೊರಗೆಡಹಿದುದು 1955ರಲ್ಲಿ, ‘ಲೈಫ್’ ಪತ್ರಿಕೆಯಲ್ಲಿ. ಅದೂ ಹಣ ಪಡೆದೇ. ಲೆಕ್ಕದಲ್ಲಿ ಆಸಾಮಿ ಗಟ್ಟಿಗ!

1949ರ ಫೆಬ್ರವರಿಯಲ್ಲಿ ಬಸ್ಸೊಂದು ಎದುರಿನಿಂದ ಬಂದು ಆತನ ಕಾರಿಗೆ ಅಪ್ಪಳಿಸಿತು. ಪಕ್ಕದಲ್ಲಿದ್ದ ಹೆಂಡತಿಯನ್ನು ರಕ್ಷಿಸಲು ಅಡ್ಡ ಬಿದ್ದವನ ಸೊಂಟದ ಮೂಳೆ ಮುರಿಯಿತು. ಇನ್ನು ನಡೆಯುವುದೇ ಸಂದೇಹವೆನಿಸಿತ್ತು. ಅಂಥವನು ಮರುವರ್ಷ ಜೂನಿನಲ್ಲಿ, ಕಾಲಿಗೆ ಪಟ್ಟಿ ಬಿಗಿದುಕೊಂಡು, ಮೆರಿಯನ್ನಿನಲ್ಲಿ ಅಮೆರಿಕನ್ ಓಪನ್ ಗೆದ್ದನು. 1953ರಲ್ಲಿ ಮಾಸ್ಟರ್ಸ್, ಅಮೆರಿಕನ್ ಓಪನ್, ಬ್ರಿಟಿಷ್ ಓಪನ್ ಮೂರನ್ನೂ ಗೆದ್ದನು. ನೊಂದ ಕಾಲುಗಳಿಗೆ ಮರಗಳ ನಡುವೆ ಚೆಂಡು ಹುಡುಕುವ ದಣಿವಾದರೂ ತಪ್ಪಿತ್ತಲ್ಲ!

ಅನಂತರ ಜ್ಯಾಕ್ ನಿಕ್ಲಾಸ್, ಲೀ ಟ್ರೆವಿನೊ ಅವರೂ ಫೇಡನ್ನೇ ನೆಚ್ಚಿದರು. ಆದರೆ ಹೊಸದಾಗಿ ದಾಂಡು ಹಿಡಿಯುವ ವಾಚಕರು ಆತುರಪಡಬಾರದು. ಹೊಸಬರಲ್ಲಿ ಬಹುಮಂದಿಯ ಚೆಂಡು ಮೊದಲೇ ಬಲಕ್ಕೆ ಓಡುವಂಥದು. ಅವರು ಹೋಗನ್ನನ ಮಣಿಕಟ್ಟನ್ನು ಅನುಕರಿಸಿದರೆ ಚೆಂಡನ್ನು ಪಕ್ಕದ ಬೀದಿಯಲ್ಲಿ ಹುಡುಕಬೇಕಾದೀತು.