ಚುಕ್ಕೆ ಕಂಡ ಕೂಡಲೇ ಕ್ಯಾನ್ಸರ್ ಅನ್ನಬೇಡಿ

ಹೋದ ವರ್ಷ ನಮ್ಮ ಖಾಲಾ ಅವರ ಸ್ಕ್ಯಾನ್ ರಿಪೋರ್ಟ್ ಮನೆಗೆ ಬಂತು. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಅವರು ಚೆನ್ನಾಗಿಯೇ ಇದ್ದರು. ಈ ಸಲ ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಗಂಟುಗಳು ಕಂಡಿದ್ದವು. ಕ್ಯಾನ್ಸರ್ ಹರಡಿರಬಹುದು, ಬಯಾಪ್ಸಿ ಮಾಡಿಸಿ ಎಂದು ಬರೆದಿತ್ತು. ಮನೆಯವರು 'ಹರಡಿದೆ' ಎಂದಷ್ಟೇ ಓದಿಕೊಂಡರು. ಸಂಜೆಯೊಳಗೆ ನೆಂಟರೆಲ್ಲ ಬಂದು ಅಳತೊಡಗಿದರು. "ಸೂಜಿ ಚುಚ್ಚಿದರೆ ಇನ್ನೂ ಹರಡುತ್ತದೆ" ಎಂದು ಹಿರಿಯರೊಬ್ಬರು ಹೇಳಿದ್ದಕ್ಕೆ ಎರಡು ವಾರ ಯಾರೂ ಆಸ್ಪತ್ರೆಯ ಮಾತೆತ್ತಲಿಲ್ಲ. ಕೊನೆಗೆ ಖಾಲಾ ಅವರೇ "ಏನಿದೆ ಅಂತ ನನಗೆ ಗೊತ್ತಾಗಬೇಕು" ಎಂದು ಹೊರಟರು. ಬಯಾಪ್ಸಿಯಲ್ಲಿ ಬಂದದ್ದು ಟಿಬಿ. ಈಗ ಆರು ತಿಂಗಳ ಮಾತ್ರೆ ಮುಗಿದಿದೆ.

ಸ್ಕ್ಯಾನ್ ಸುಳ್ಳು ಹೇಳಿರಲಿಲ್ಲ. ಅದು ಗಂಟು ಇದೆ ಎಂದು ತೋರಿಸುತ್ತದೆ, ಯಾವ ಗಂಟು ಎಂದು ಖಚಿತವಾಗಿ ಹೇಳಲಾರದು. ಟಿಬಿ, ಸಾರ್ಕಾಯ್ಡೋಸಿಸ್, ಶಿಲೀಂಧ್ರದ ಸೋಂಕು, ಹಳೆಯ ಸೋಂಕಿನ ಕಲೆ, ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಇವೆಲ್ಲ ಕ್ಯಾನ್ಸರ್ ಹರಡಿದಂತೆಯೇ ಕಾಣಬಹುದು. ಪೆಟ್ ಸ್ಕ್ಯಾನ್‌ನಲ್ಲಿ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಸೇರಿಸುತ್ತಾರೆ. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚು ಹೀರಿ ಹೊಳೆಯುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಕೋಶಗಳೂ ಹೀಗೆಯೇ ಹೊಳೆಯುತ್ತವೆ. ನಮ್ಮ ದೇಶದಲ್ಲಿ ಟಿಬಿ ಹೆಚ್ಚಾಗಿರುವುದರಿಂದ ಈ ಗೊಂದಲವೂ ಹೆಚ್ಚು.

ಇದರ ಅರ್ಥ ಎಲ್ಲ ಗಂಟೂ ನಿರಪಾಯ ಎಂದಲ್ಲ. ಕ್ಯಾನ್ಸರ್ ಇದ್ದವರಿಗೆ ಟಿಬಿ ಎಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟು, ಸಮಯ ಕೈತಪ್ಪುವುದೂ ಉಂಟು. ಆದ್ದರಿಂದ ಎರಡೂ ಕಡೆ ಬೇಕಾದದ್ದು ಪರೀಕ್ಷೆ. ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಆ ಭಯಕ್ಕೆ ಪರೀಕ್ಷೆಯನ್ನೇ ಬಿಟ್ಟರೆ ನಷ್ಟವೇ ದೊಡ್ಡದು. ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುತ್ತೇವೆ. ಮನುಷ್ಯರ ಜೀವದ ವಿಷಯದಲ್ಲಿ ಮಾತ್ರ ವೋಚರ್ ಕೇಳುವುದಿಲ್ಲ.

ನನಗೆ ಇನ್ನೊಂದು ಬೇಸರವಿದೆ. ಕ್ಯಾನ್ಸರ್ ಎಂದಾಗ ಮನೆ ತುಂಬಿದ್ದ ನೆಂಟರು ಟಿಬಿ ಎಂದಾಗ ಬರುವುದನ್ನೇ ನಿಲ್ಲಿಸಿದರು. "ಹುಡುಗಿಯ ಮದುವೆ ಇದೆ, ಯಾರಿಗೂ ಹೇಳಬೇಡಿ" ಎಂಬ ಸಲಹೆ ಬಂತು. ಖಾಲಾ ಅವರ ತಟ್ಟೆ, ಲೋಟ ಬೇರೆಯಾದವು. ಟಿಬಿ ತಟ್ಟೆಯಿಂದ ಹರಡುವುದಿಲ್ಲ, ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹರಡುವುದು ನಿಲ್ಲುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ.

ಸ್ನೇಹಿತರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ರಿಪೋರ್ಟ್ ಓದಿ ಹೇಳುವವರು ನಾವೇ. ಅರ್ಧ ಓದಿ ಹೇಳಬೇಡಿ. 'ಇರಬಹುದು' ಎಂದಿದ್ದರೆ 'ಇರಬಹುದು' ಎಂದೇ ಹೇಳಿ. ಮುಂದಿನ ಪರೀಕ್ಷೆ ಯಾವುದು ಎಂದು ಡಾಕ್ಟರನ್ನು ಕೇಳಿ. ದುಆ ಮಾಡೋಣ, ಪರೀಕ್ಷೆಯನ್ನೂ ಮಾಡಿಸೋಣ.